ಧೂಳು ಹುಟ್ಟುವ ಜಾಗ

ಚಿತ್ರದುರ್ಗದ ಏಳುಸುತ್ತಿನ ಕೋಟೆ ನಿಂತಿರುವ ಬಂಡೆಯ ಒಂದು ಚೂರನ್ನೂ ಊರಾಚೆಯ ಕ್ರಷರಿನಲ್ಲಿ ಜಲ್ಲಿಯಾಗುತ್ತಿರುವ ಬಂಡೆಯ ಒಂದು ಚೂರನ್ನೂ ಪಕ್ಕಪಕ್ಕ ಇಟ್ಟರೆ ಭೂವಿಜ್ಞಾನಿಯ ಕಣ್ಣಿಗೆ ದೊಡ್ಡ ವ್ಯತ್ಯಾಸವೇನೂ ಕಾಣುವುದಿಲ್ಲ. ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಳೆಯದಾದ ಗ್ರಾನೈಟ್ ಜಾತಿಯ ಕಲ್ಲು ಅದು. ಅದರಲ್ಲಿ ಹೊಳೆಯುವ ಕಾಗೆಬಂಗಾರವಿದೆ, ಮಾಸಲು ಬಣ್ಣದ ಫೆಲ್ಡ್‌ಸ್ಪಾರ್ ಇದೆ, ಗಾಜಿನಂತೆ ಕಾಣುವ ಬೆಣಚು ಇದೆ. ನೂರು ಗ್ರಾಂ ಗ್ರಾನೈಟಿನಲ್ಲಿ ಈ ಬೆಣಚಿನ ಪಾಲು ಸಾಮಾನ್ಯವಾಗಿ ಇಪ್ಪತ್ತು ಗ್ರಾಮಿನಿಂದ ನಲವತ್ತು ಗ್ರಾಮಿನವರೆಗೆ. ಇನ್ನು ಹೊಸದುರ್ಗ, ಹೊಳಲ್ಕೆರೆ ಕಡೆಯ ಗುಡ್ಡಗಳಿಗೆ ಬಂದರೆ ಅಲ್ಲಿ ಕಬ್ಬಿಣದ ಅದಿರಿನ ಒಂದು ಪಟ್ಟೆ, ಬೆಣಚಿನ ಒಂದು ಪಟ್ಟೆ, ಮತ್ತೆ ಅದಿರು, ಮತ್ತೆ ಬೆಣಚು ಹೀಗೆ ಪದರಪದರವಾಗಿ ಕೂತ ಬಂಡೆ ಸಿಗುತ್ತದೆ. ಅದಿರನ್ನು ಮಾತ್ರ ಆರಿಸಿ ಅಗೆಯುವುದು ಆಗದ ಮಾತು. ಬೆಣಚೂ ಜೊತೆಗೇ ಪುಡಿಯಾಗುತ್ತದೆ. ಬೆಣಚೆಂದರೆ ಹರಳುಗಟ್ಟಿದ ಸಿಲಿಕಾ. ಕಲ್ಲಾಗಿದ್ದಾಗ ಅದರಷ್ಟು ನಿರುಪದ್ರವಿ ಇನ್ನೊಂದಿಲ್ಲ. ಅದನ್ನು ಒಡೆದು ನುಣ್ಣಗಿನ ಧೂಳು ಮಾಡಿ ಮನುಷ್ಯ ಉಸಿರಿಗೆ ಎಳೆದುಕೊಂಡಾಗ ಬರುವ ರೋಗಕ್ಕೆ ಸಿಲಿಕೋಸಿಸ್ ಎಂದು ಹೆಸರು. ಈ ರೋಗವನ್ನು ತಡೆಯುವ ಕೆಲಸ ಎಲ್ಲಿಂದ ಶುರುವಾಗಬೇಕು ಎಂಬುದೇ ಇಂದಿನ ಮಾತಿನ ವಿಷಯ.

ಮೊದಲು ಒಂದು ತಪ್ಪು ತಿಳಿವಳಿಕೆ. ಭೀಮಸಮುದ್ರದ ಸುತ್ತಿನ ಅಡಿಕೆ ತೋಟಗಳ ಗರಿಗಳ ಮೇಲೆ ಕೂತ ಕೆಂಪು ಧೂಳಿನ ಬಗ್ಗೆ ಜನ ಸಿಟ್ಟಾಗುತ್ತಾರೆ, ಅದಿರಿನ ಲಾರಿ ತಡೆಯುತ್ತಾರೆ. ಸಿಟ್ಟು ನ್ಯಾಯವಾದದ್ದೇ. ಆದರೆ ಕಣ್ಣಿಗೆ ಕಾಣುವ ಧೂಳು ದಪ್ಪ ಧೂಳು. ಅದು ಬೇಗ ಕೆಳಗೆ ಕೂರುತ್ತದೆ. ಮೂಗಿನೊಳಗೆ ಹೋದರೂ ಹೆಚ್ಚಿನದು ಮೂಗು, ಗಂಟಲಲ್ಲೇ ಸಿಕ್ಕಿಬಿದ್ದು ಕಫದ ಜೊತೆ ಹೊರಬರುತ್ತದೆ. ಶ್ವಾಸಕೋಶದ ತಳದವರೆಗೆ ಇಳಿಯುವ ಕಣ ಸುಮಾರು ಐದು ಮೈಕ್ರಾನಿಗಿಂತ ಸಣ್ಣದು. ತಲೆಗೂದಲಿನ ದಪ್ಪದ ಹತ್ತನೇ ಒಂದು ಪಾಲಿಗಿಂತಲೂ ಕಡಿಮೆ. ಅದು ಕಾಣುವುದಿಲ್ಲ, ವಾಸನೆಯಿಲ್ಲ, ಕೆಮ್ಮು ಬರಿಸುವುದಿಲ್ಲ, ಗಾಳಿಯಲ್ಲಿ ಗಂಟೆಗಟ್ಟಲೆ ತೇಲುತ್ತಿರುತ್ತದೆ. ಗಾಳಿಗೂಡಿನೊಳಗೆ ಬಂದ ಈ ಕಣವನ್ನು ನುಂಗಲು ದೇಹದ ಕಾವಲು ಕೋಶಗಳು ಬರುತ್ತವೆ. ನುಂಗುತ್ತವೆ, ಅರಗಿಸಲಾಗದೆ ಸಾಯುತ್ತವೆ. ಸತ್ತ ಕೋಶದಿಂದ ಕಣ ಹೊರಬಿದ್ದು ಮತ್ತೊಂದು ಕೋಶಕ್ಕೆ ತುತ್ತಾಗುತ್ತದೆ. ಹೀಗೆ ನಡೆದಲ್ಲೆಲ್ಲ ಗಾಯ, ಗಾಯ ಮಾಗಿದಲ್ಲೆಲ್ಲ ಗಂಟು. ಸ್ಪಂಜಿನಂತೆ ಇರಬೇಕಾದ ಶ್ವಾಸಕೋಶ ಚಕ್ಕಳದಂತಾಗುತ್ತದೆ. ಕೆಲಸ ಬಿಟ್ಟು ಮನೆಯಲ್ಲಿ ಕೂತರೂ ಈ ಗಂಟು ಕಟ್ಟುವಿಕೆ ನಿಲ್ಲದೆ ಇರಬಹುದು. ಗಾಯದ ಗುರುತನ್ನು ಅಳಿಸುವ ಔಷಧ ಇಲ್ಲ. ಇದೇ ಸಿಲಿಕಾ ಧೂಳನ್ನು 1997ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು.

ಮದ್ದಿಲ್ಲದ ರೋಗದ ವಿಷಯದಲ್ಲಿ ಆಸ್ಪತ್ರೆಯನ್ನು ನೆಚ್ಚಿ ಕೂರುವಂತಿಲ್ಲ. ಆಸ್ಪತ್ರೆಗೆ ಬರುವ ಹೊತ್ತಿಗೆ ತಡವಾಗಿರುತ್ತದೆ. ಆದ್ದರಿಂದ ನನ್ನ ವಾದ ಇಷ್ಟು: ಧೂಳನ್ನು ತಡೆಯಬೇಕಾದದ್ದು ಅದು ಹುಟ್ಟುವ ಜಾಗದಲ್ಲಿ, ಕಲ್ಲಿಗೆ ಉಳಿ ತಾಗುವ, ಬಂಡೆ ಕ್ರಷರಿನ ಬಾಯಿಗೆ ಬೀಳುವ ಆ ಗೇಣು ಜಾಗದಲ್ಲಿ. ಕೆಲಸಗಾರನ ಮೂಗಿನ ಹತ್ತಿರ ಅಲ್ಲ. ಇದು ಹೊಸ ಮಾತಲ್ಲ, ನಮ್ಮದೇ ನಾಡಿನ ಹಳೆಯ ಪಾಠ. ಕೋಲಾರದ ಚಿನ್ನದ ಗಣಿಯಲ್ಲಿ ಚಿನ್ನವಿದ್ದದ್ದೇ ಬೆಣಚಿನ ಪಟ್ಟೆಗಳಲ್ಲಿ. ಅಲ್ಲಿನ ಕಾರ್ಮಿಕರ ಸಲುವಾಗಿ ಮೈಸೂರು ಸಂಸ್ಥಾನ 1940ರಲ್ಲಿ ಸಿಲಿಕೋಸಿಸ್‌ಗೆಂದೇ ನಿಯಮಗಳನ್ನು ಮಾಡಿತು. ಸ್ವಾತಂತ್ರ್ಯ ಇನ್ನೂ ಬಂದಿರಲಿಲ್ಲ ಎಂಬುದನ್ನು ನೆನಪಿಡಿ. ಆಮೇಲಿನ ಆರೇಳು ವರ್ಷಗಳಲ್ಲಿ 7,653 ಗಣಿಗಾರರ ಎದೆಯನ್ನು ಪರೀಕ್ಷಿಸಲಾಯಿತು. ನೂರರಲ್ಲಿ ನಲವತ್ತಕ್ಕೂ ಹೆಚ್ಚು ಮಂದಿಯಲ್ಲಿ ರೋಗ ಕಂಡಿತು. ಭಾರತದಲ್ಲಿ ಈ ರೋಗದ ಬಗ್ಗೆ ಬಂದ ಮೊದಲ ದೊಡ್ಡ ಲೆಕ್ಕ ಇದು. ಅಂದರೆ ಕನ್ನಡನಾಡಿಗೆ ಸಿಲಿಕೋಸಿಸ್ ಗೊತ್ತಾಗಿ ಎಂಬತ್ತು ವರ್ಷ ದಾಟಿತು. ಗೊತ್ತಿಲ್ಲದೆ ಹೀಗಾಯಿತು ಎನ್ನುವ ಹಕ್ಕು ನಮಗೆ ಉಳಿದಿಲ್ಲ.

ಇದಕ್ಕೆ ಮೊದಲ ಆಕ್ಷೇಪ ಕಲ್ಲಿನ ಕಸುಬಿನವರಿಂದಲೇ ಬರುತ್ತದೆ. ನಮ್ಮ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ಕಲ್ಲು ಒಡೆದವರೇ, ಚೆನ್ನಾಗಿಯೇ ಬದುಕಿದರು, ಈಗೇನು ಹೊಸ ರೋಗ ಎಂದು. ತಲೆಮಾರುಗಳಿಂದ ಕಲ್ಲಿನ ಕೆಲಸ ಮಾಡಿಕೊಂಡು ಬಂದ ಭೋವಿ ಸಮುದಾಯದ ಹಿರಿಯರು ಹೀಗೆ ಹೇಳಿದರೆ ಅದನ್ನು ತಳ್ಳಿಹಾಕುವುದು ಸರಿಯಲ್ಲ; ಉತ್ತರ ಕೊಡಬೇಕು. ಉತ್ತರ ಸಿಗುವುದು ಅಮೆರಿಕದ ವರ್ಮಾಂಟ್ ರಾಜ್ಯದ ಬ್ಯಾರಿ ಎಂಬ ಊರಿನಲ್ಲಿ. ಅದೂ ನಮ್ಮ ದುರ್ಗದ ಹಾಗೆ ಗ್ರಾನೈಟಿನ ಊರು. ಅಲ್ಲಿಯೂ ಸುತ್ತಿಗೆ, ಉಳಿ ಹಿಡಿದು ಕೆಲಸ ಮಾಡುತ್ತಿದ್ದ ಕಾಲವೊಂದಿತ್ತು. ಹತ್ತೊಂಬತ್ತನೇ ಶತಮಾನದ ಕೊನೆಗೆ ಗಾಳಿ ಒತ್ತಡದ ಯಂತ್ರದ ಉಳಿಗಳು ಬಂದವು, ಚಳಿಗೆ ಬಾಗಿಲು ಮುಚ್ಚಿದ ಷೆಡ್ಡುಗಳು ಬಂದವು. ಕೈ ಉಳಿಯ ಏಟಿಗೆ ಹಾರುವುದು ಬಹುಪಾಲು ಚಕ್ಕೆ. ಯಂತ್ರದ ಉಳಿ ನಿಮಿಷಕ್ಕೆ ಸಾವಿರಾರು ಏಟು ಹಾಕಿ ಕಲ್ಲನ್ನು ಹಿಟ್ಟು ಮಾಡುತ್ತದೆ. ಬ್ಯಾರಿಯಲ್ಲಿ ಕಲ್ಲುಕುಟಿಗರು ಸಿಲಿಕೋಸಿಸ್, ಅದರ ಬೆನ್ನಿಗೆ ಬರುವ ಕ್ಷಯ ಎರಡರಿಂದಲೂ ನಡುವಯಸ್ಸಿಗೇ ಸಾಯತೊಡಗಿದರು. 1930ರ ದಶಕದ ಕೊನೆಯಲ್ಲಿ ಪ್ರತಿ ಉಳಿಯ ಪಕ್ಕದಲ್ಲೇ ಧೂಳು ಹೀರುವ ಕೊಳವೆ ಹಾಕಿದರು, ಗಾಳಿಯಲ್ಲಿ ಧೂಳು ಇಷ್ಟೇ ಇರಬೇಕೆಂದು ಮಿತಿ ಹಾಕಿದರು. 1940ರ ನಂತರ ಕೆಲಸಕ್ಕೆ ಸೇರಿದವರಲ್ಲಿ ಸಿಲಿಕೋಸಿಸ್ ಸಾವು ಇಲ್ಲವೆನ್ನುವಷ್ಟು ಕಡಿಮೆಯಾಯಿತು. ಕಲ್ಲು ಅದೇ, ಯಂತ್ರವೂ ಅದೇ. ಬದಲಾದದ್ದು ಒಂದು ಕೊಳವೆ. ಅಜ್ಜನ ಕಾಲದ ಬಯಲು ಕೆಲಸಕ್ಕೂ ಮೊಮ್ಮಗನ ಕಾಲದ ಕಂಪ್ರೆಸರ್ ಕೆಲಸಕ್ಕೂ ಹೋಲಿಕೆಯೇ ಇಲ್ಲ. ಜೊತೆಗೆ ಇಂದಿನ ಕ್ರಷರು ಜಲ್ಲಿಗೆ ನಿಲ್ಲುವುದಿಲ್ಲ. ವೇದಾವತಿಯ ಮರಳು ಎತ್ತುವುದಕ್ಕೆ ಕಡಿವಾಣ ಬಿದ್ದಮೇಲೆ ಎಂ-ಸ್ಯಾಂಡ್ ಬಂತು. ಮರಳಿನಷ್ಟು ಸಣ್ಣಗೆ ಕಲ್ಲನ್ನು ಅರೆಯುವಾಗ ಅದಕ್ಕಿಂತ ಸಣ್ಣದೂ ಹುಟ್ಟಿಯೇ ಹುಟ್ಟುತ್ತದೆ.

ಎರಡನೆಯ ಆಕ್ಷೇಪ ನೀರಿನದು, ಇದು ನಿಜಕ್ಕೂ ನಮ್ಮ ಜಿಲ್ಲೆಯ ಆಕ್ಷೇಪ. ಧೂಳು ಅಡಗಿಸಲು ನೀರು ಹಾಕಿ ಎನ್ನುತ್ತೀರಿ, ಕುಡಿಯುವುದಕ್ಕೇ ಟ್ಯಾಂಕರ್ ಕಾಯುವ ಊರಲ್ಲಿ ಕಲ್ಲಿಗೆಲ್ಲಿಂದ ನೀರು ಎಂದು ಕೇಳಿದರೆ ಯಾರಿಗೂ ತಕ್ಷಣ ಮಾತು ಹೊರಡುವುದಿಲ್ಲ. ಆದರೆ ಲೆಕ್ಕ ಹಾಕಿ ನೋಡೋಣ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ಕಾಂಕ್ರೀಟ್ ಒಡೆಯುವ ಜಾಕ್‌ಹ್ಯಾಮರಿನ ತುದಿಗೆ ಸಣ್ಣ ತುಂತುರು ನಳಿಕೆ ಕಟ್ಟಿ ಪರೀಕ್ಷೆ ಮಾಡಿದೆ. ಬೇಕಾದದ್ದು ನಿಮಿಷಕ್ಕೆ ಸುಮಾರು 350 ಮಿಲಿಲೀಟರ್ ನೀರು. ಧೂಳು ನೂರಕ್ಕೆ ಎಪ್ಪತ್ತರಿಂದ ತೊಂಬತ್ತರಷ್ಟು ಕಡಿಮೆಯಾಯಿತು. 350 ಮಿಲಿಲೀಟರೆಂದರೆ ಗಂಟೆಗೆ 21 ಲೀಟರ್, ಹೆಚ್ಚೆಂದರೆ ಎರಡು ಕೊಡ. ನೆಲದ ಮೇಲೆ ಟ್ಯಾಂಕರಿನಲ್ಲಿ ಸುರಿದು ಹರಿಸುವುದಕ್ಕೂ ಕಲ್ಲು ಒಡೆಯುವ ತುದಿಗೇ ತುಂತುರು ಹನಿಸುವುದಕ್ಕೂ ಇರುವ ಅಂತರ ಇದು. ಎದ್ದು ಹಾರಿದ ಧೂಳನ್ನು ಹಿಡಿಯಲು ನದಿಯೇ ಬೇಕು, ಏಳುವ ಮುಂಚೆ ಹಿಡಿಯಲು ಕೊಡ ಸಾಕು. ಆ ಎರಡು ಕೊಡವೂ ಇಲ್ಲವೆಂದರೆ ನೀರಿಲ್ಲದ ದಾರಿಗಳಿವೆ: ಕ್ರಷರಿನ ಬಾಯಿ, ಜರಡಿ, ಬೆಲ್ಟು ಒಂದರಿಂದ ಇನ್ನೊಂದಕ್ಕೆ ಕಲ್ಲು ಬೀಳುವ ಜಾಗ ಇವಕ್ಕೆ ತಗಡಿನ ಹೊದಿಕೆ, ಒಳಗಿನ ಧೂಳನ್ನು ಫ್ಯಾನಿನಿಂದ ಎಳೆದು ಬಟ್ಟೆಚೀಲದಲ್ಲಿ ಹಿಡಿಯುವ ವ್ಯವಸ್ಥೆ. ಕೆಲವರು ಇನ್ನೊಂದು ಮಾತು ಹೇಳುತ್ತಾರೆ: ನಮ್ಮದು ಗಾಳಿಯ ಜಿಲ್ಲೆ, ಗುಡ್ಡದ ತುಂಬ ಗಾಳಿಯಂತ್ರ ನಿಲ್ಲಿಸಿದ್ದಾರೆ, ಧೂಳನ್ನು ಗಾಳಿಯೇ ಒಯ್ಯುತ್ತದೆ ಎಂದು. ಒಯ್ಯುತ್ತದೆ, ಹೌದು. ಕೆಳಗಾಳಿಯಲ್ಲಿ ಜಲ್ಲಿ ತುಂಬುತ್ತಿರುವವಳ ಮುಖಕ್ಕೆ ಒಯ್ಯುತ್ತದೆ.

ಇನ್ನು ಮಾಸ್ಕಿನ ಮಾತು. ಸಿಲಿಕೋಸಿಸ್ ಎಂದೊಡನೆ ಎಲ್ಲರ ಬಾಯಿಗೂ ಮೊದಲು ಬರುವುದು ಅದೇ: ಮಾಸ್ಕ್ ಕೊಟ್ಟಿದ್ದೇವೆ, ಅವರೇ ಹಾಕಿಕೊಳ್ಳುವುದಿಲ್ಲ. ಈ ವಾಕ್ಯದಲ್ಲಿ ಹೊಣೆ ಎಷ್ಟು ನಾಜೂಕಾಗಿ ಮಾಲೀಕನಿಂದ ಕೂಲಿಯವನ ಹೆಗಲಿಗೆ ಜಾರಿತು ನೋಡಿ. ಮುಖಕ್ಕೆ ಸುತ್ತಿದ ಟವೆಲ್ಲು, ಸೆರಗು, ಬಟ್ಟೆಯ ಮಾಸ್ಕು ದಪ್ಪ ಧೂಳನ್ನು ತಡೆಯುತ್ತವೆ, ಕೊಲ್ಲುವ ಸಣ್ಣ ಕಣವನ್ನು ಒಳಗೆ ಬಿಡುತ್ತವೆ. ಕೆಮ್ಮು ಕಡಿಮೆಯಾದ್ದರಿಂದ ಕ್ಷೇಮ ಎಂಬ ಭ್ರಮೆ ಬೇರೆ. ಎನ್-95 ಜಾತಿಯದು ಕೆಲಸಕ್ಕೆ ಬರುತ್ತದೆ, ಆದರೆ ಮುಖಕ್ಕೆ ಸಂದಿಲ್ಲದೆ ಕೂರಬೇಕು, ಗಡ್ಡವಿರಬಾರದು, ಧೂಳು ಕಟ್ಟಿದಾಗ ಬದಲಿಸಬೇಕು. ಏಪ್ರಿಲ್ ತಿಂಗಳ ಹಿರಿಯೂರಿನ ಬಿಸಿಲಲ್ಲಿ, ಕಾದ ಬಂಡೆಯ ಮೇಲೆ, ಭಾರ ಎತ್ತುತ್ತ ಎಂಟು ಗಂಟೆ ಹಾಗೆ ಇರಬಲ್ಲೆವೆಂದು ಹೇಳುವವರು ಒಂದು ದಿನ ಇದ್ದು ತೋರಿಸಲಿ. ಮಾಸ್ಕು ಬೇಡವೆಂದಲ್ಲ. ತುಂತುರು, ಹೊದಿಕೆ, ಧೂಳು ಹೀರುವ ಕೊಳವೆ ಎಲ್ಲ ಆದ ಮೇಲೂ ಉಳಿದ ಧೂಳಿಗೆ ಅದು ಕೊನೆಯ ಅಡ್ಡಗಟ್ಟೆ. ಕೊನೆಯದನ್ನೇ ಮೊದಲನೆಯದು ಮಾಡಿಕೊಂಡಾಗ ಉಳಿದದ್ದನ್ನು ಮಾಡುವ ಖರ್ಚು ಯಾರಿಗೆ ಉಳಿಯುತ್ತದೆ ಎಂದು ಯೋಚಿಸಬೇಕು.

ಕಾನೂನು ಹೇಳುವ ಮಿತಿಯನ್ನೂ ಸ್ವಲ್ಪ ಬಿಡಿಸಿ ನೋಡೋಣ. 1961ರ ಲೋಹಗಣಿ ನಿಯಮಾವಳಿಯಲ್ಲಿ ಒಂದು ಸೂತ್ರವಿದೆ. ಉಸಿರಿನೊಳಗೆ ಇಳಿಯಬಲ್ಲ ಧೂಳಿನಲ್ಲಿ ಸಿಲಿಕಾ ನೂರಕ್ಕೆ ಎಷ್ಟಿದೆಯೋ ಆ ಸಂಖ್ಯೆಯಿಂದ ಹದಿನೈದನ್ನು ಭಾಗಿಸಬೇಕು. ಬಂದ ಉತ್ತರ ಒಂದು ಘನ ಮೀಟರ್ ಗಾಳಿಯಲ್ಲಿ ಇರಬಹುದಾದ ಧೂಳಿನ ಮಿಲಿಗ್ರಾಂ. ಸಿಲಿಕಾ ಮೂವತ್ತರಷ್ಟಿದ್ದರೆ ಮಿತಿ ಅರ್ಧ ಮಿಲಿಗ್ರಾಂ. ಅದರಲ್ಲಿ ಸಿಲಿಕಾದ ಪಾಲು 0.15 ಮಿಲಿಗ್ರಾಂ. ದುಡಿಯುವ ಮನುಷ್ಯ ಒಂದು ಪಾಳಿಯಲ್ಲಿ ಸುಮಾರು ಹತ್ತು ಘನ ಮೀಟರ್ ಗಾಳಿ ಎಳೆದುಕೊಳ್ಳುತ್ತಾನೆ. ದಿನಕ್ಕೆ ಒಂದೂವರೆ ಮಿಲಿಗ್ರಾಂ, ಮುನ್ನೂರು ದಿನಕ್ಕೆ 450 ಮಿಲಿಗ್ರಾಂ. ಒಂದು ಚಿಟಿಕೆ ಉಪ್ಪಿನಷ್ಟು. ಹೆಚ್ಚಿನ ಪಾಲು ಉಸಿರಿನ ಜೊತೆ, ಕಫದ ಜೊತೆ ಹೊರಹೋಗುತ್ತದೆ, ನಿಜ, ಉಳಿದದ್ದು ಉಳಿಯುತ್ತದೆ. ಕಾನೂನನ್ನು ಅಕ್ಷರಶಃ ಪಾಲಿಸಿದರೂ ವರ್ಷಕ್ಕೊಂದು ಚಿಟಿಕೆ. ಅಮೆರಿಕ 2016ರಲ್ಲಿ ತನ್ನ ಕಾರ್ಖಾನೆ, ಕಟ್ಟಡ ಕೆಲಸಗಳಿಗೆ ಈ ಮಿತಿಯನ್ನು 0.05 ಮಿಲಿಗ್ರಾಂ ಸಿಲಿಕಾಕ್ಕೆ ಇಳಿಸಿತು. ನಮ್ಮದರ ಮೂರನೇ ಒಂದು ಪಾಲು. ಆದರೆ ನನ್ನ ತಕರಾರು ಮಿತಿಯ ಬಗ್ಗೆ ಅಷ್ಟಲ್ಲ, ಅಳೆಯುವುದರ ಬಗ್ಗೆ. ಉಸಿರಿನ ಧೂಳನ್ನು ಅಳೆಯಲು ಕೆಲಸಗಾರನ ಕೊರಳಪಟ್ಟಿಗೆ ಸಿಕ್ಕಿಸುವ ಸಣ್ಣ ಪಂಪು, ಶೋಧಕ ಕಾಗದ ಬೇಕು, ಆ ಕಾಗದವನ್ನು ಪ್ರಯೋಗಾಲಯಕ್ಕೆ ಕಳಿಸಬೇಕು. ಕ್ರಷರಿನ ಸುತ್ತ ಕಂಬಕ್ಕೆ ಯಂತ್ರ ಕಟ್ಟಿ ಊರ ಗಾಳಿಯನ್ನು ಅಳೆದ ಕಾಗದ, ಕೊರಳಿನ ಬಳಿಯ ಗಾಳಿಯ ಲೆಕ್ಕವನ್ನು ಹೇಳುವುದಿಲ್ಲ.

ಅಳತೆಯ ಮಾತು ಮುಖ್ಯವಾಗುವುದು ಮೂರನೆಯ ಆಕ್ಷೇಪಕ್ಕೆ ಉತ್ತರ ಕೊಡುವಾಗ. ನಮ್ಮಲ್ಲಿ ಸಿಲಿಕೋಸಿಸ್ ರೋಗಿಗಳೇ ಇಲ್ಲ, ದಾಖಲೆಯಲ್ಲಿ ತೋರಿಸಿ ಎನ್ನುವುದು ಆ ಆಕ್ಷೇಪ. ದಾಖಲೆಯಲ್ಲಿ ಸಿಗದಿರುವುದಕ್ಕೆ ರೋಗದ ಸ್ವಭಾವವೇ ಕಾರಣ. ಸಾಮಾನ್ಯ ಸಿಲಿಕೋಸಿಸ್ ತಲೆ ಎತ್ತಲು ಹತ್ತು ವರ್ಷ, ಇನ್ನೂ ಹೆಚ್ಚು ಬೇಕು. ಧೂಳು ತೀರ ಹೆಚ್ಚಿದ್ದರೆ ಮಾತ್ರ ಕೆಲವು ವರ್ಷ, ಕೆಲವು ತಿಂಗಳಲ್ಲೂ ಬರುತ್ತದೆ. ಆ ಹತ್ತು ವರ್ಷದಲ್ಲಿ ಕೆಲಸಗಾರ ನಾಲ್ಕು ಕ್ರಷರು ಬದಲಿಸಿರುತ್ತಾನೆ, ಒಡಿಶಾ, ಬಿಹಾರದಿಂದ ಬಂದವನು ಊರಿಗೆ ಮರಳಿರುತ್ತಾನೆ. ಇಲ್ಲಿಯವನೇ ಆಗಿದ್ದರೆ ದಮ್ಮು, ಒಣಕೆಮ್ಮು ಎಂದು ತಾಲ್ಲೂಕು ಆಸ್ಪತ್ರೆಗೆ ಹೋಗುತ್ತಾನೆ. ಎಕ್ಸ್‌ರೇಯಲ್ಲಿ ಶ್ವಾಸಕೋಶದ ಮೇಲ್ಭಾಗದಲ್ಲಿ ಚುಕ್ಕೆಗಳು. ಕ್ಷಯವೂ ಕಾಣಿಸಿಕೊಳ್ಳುವುದು ಹೆಚ್ಚಾಗಿ ಅಲ್ಲಿಯೇ. ಕಫದಲ್ಲಿ ರೋಗಾಣು ಸಿಗದಿದ್ದರೂ ಕ್ಷಯದ ಮಾತ್ರೆ ಶುರು. ಗುಣವಾಗುವುದಿಲ್ಲ, ಮತ್ತೊಂದು ಸುತ್ತು ಮಾತ್ರೆ. ಸಿಲಿಕಾ ತಿಂದ ಶ್ವಾಸಕೋಶಕ್ಕೆ ಕ್ಷಯ ಬೇಗ ತಗಲುವುದೂ ನಿಜವಾದ್ದರಿಂದ ಗೊಂದಲ ಇನ್ನಷ್ಟು. ಬೀಡಿ ಸೇದುತ್ತಿದ್ದನಂತೆ ಎಂದು ಯಾರೋ ಹೇಳಿದರೆ ಕತೆ ಮುಗಿಯಿತು. ಇಟಲಿಯ ವೈದ್ಯ ರಾಮಜ್ಜಿನಿ 1700ರಲ್ಲಿ ಕಸುಬುಗಳ ರೋಗದ ಬಗ್ಗೆ ಪುಸ್ತಕ ಬರೆದು, ರೋಗಿಯನ್ನು ಕೇಳುವ ಪ್ರಶ್ನೆಗಳಿಗೆ ನಿನ್ನ ಕೆಲಸವೇನು ಎಂಬುದನ್ನೂ ಸೇರಿಸಬೇಕೆಂದ. ಮುನ್ನೂರು ವರ್ಷ ಕಳೆದರೂ ಹೊರರೋಗಿ ಚೀಟಿಯಲ್ಲಿ ವಯಸ್ಸಿಗೆ ಜಾಗವಿದೆ, ವಿಳಾಸಕ್ಕೆ ಜಾಗವಿದೆ. ಕೂಲಿ ಎಂದು ಬರೆದರೂ ಯಾವ ಕೂಲಿ ಎಂದು ಬರೆಯುವುದು ಅಪರೂಪ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ರಕ್ತದಲ್ಲಿನ ಒಂದು ಪ್ರೋಟೀನನ್ನು ನೋಡಿ ಶ್ವಾಸಕೋಶದ ಹಾನಿಯನ್ನು ಬೇಗ ಊಹಿಸುವ ಪರೀಕ್ಷೆಯನ್ನು ರೂಪಿಸಿದೆ, ಒಳ್ಳೆಯದು. ಆದರೂ ರೋಗಿಯನ್ನು ಎಣಿಸುವುದೆಂದರೆ ಹದಿನೈದು ವರ್ಷ ಹಿಂದಿನ ಧೂಳನ್ನು ಎಣಿಸುವುದು. ಇವತ್ತಿನ ಧೂಳನ್ನು ಇವತ್ತೇ ಅಳೆಯಬಹುದು. ರೋಗಿ ಸಿಗಲಿಲ್ಲವೆಂದು ಸಾಕ್ಷಿಗಾಗಿ ಕಾಯಬೇಕಾದ ಪ್ರಮೇಯವೇ ಇಲ್ಲ.

ಕಾನೂನು ಇಲ್ಲದಿಲ್ಲ. ಸಿಲಿಕೋಸಿಸ್ ಕಂಡರೆ ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗ. 1948ರ ಕಾರ್ಖಾನೆ ಕಾಯ್ದೆಯಲ್ಲೂ 1952ರ ಗಣಿ ಕಾಯ್ದೆಯ ಕೆಳಗೂ ಹಾಗೆಯೇ ಬಂದಿತ್ತು. ತೊಡಕಿರುವುದು ಬೇಲಿಗಳಲ್ಲಿ. ಕಲ್ಲು ತೆಗೆಯುವ ಗುಂಡಿ ಕಾನೂನಿನ ಲೆಕ್ಕದಲ್ಲಿ ಗಣಿ, ಅದನ್ನು ನೋಡಿಕೊಳ್ಳುವುದು ಕೇಂದ್ರದ ಗಣಿ ಸುರಕ್ಷತಾ ನಿರ್ದೇಶನಾಲಯ. ನೂರು ಮಾರು ಆಚೆಗಿನ ಕ್ರಷರು ಕಾರ್ಖಾನೆ, ಅದು ರಾಜ್ಯದ ಕಾರ್ಖಾನೆ ಇಲಾಖೆಯದು; ಹೊಗೆಧೂಳಿನ ಪರವಾನಗಿ ಮಾಲಿನ್ಯ ನಿಯಂತ್ರಣ ಮಂಡಳಿಯದು. ಧೂಳಿಗೆ ಈ ಗಡಿ ಗೊತ್ತಿಲ್ಲ. ಸಣ್ಣ ಕ್ವಾರಿಗೆ ಇನ್ನೊಂದು ಕಿಂಡಿಯಿತ್ತು: ಕಟ್ಟಡದ ಕಲ್ಲು ತೆಗೆಯುವ ಗುಂಡಿ ಆರು ಮೀಟರಿಗಿಂತ ಆಳವಿಲ್ಲದೆ, ಐವತ್ತಕ್ಕಿಂತ ಹೆಚ್ಚು ಜನ ಇಲ್ಲದೆ, ಸಿಡಿಮದ್ದು ಬಳಸದೆ ಇದ್ದರೆ ಗಣಿ ಕಾಯ್ದೆಯ ಬಹುಪಾಲು ಅದಕ್ಕೆ ತಾಗುತ್ತಿರಲಿಲ್ಲ. ಕಾರ್ಖಾನೆ ಎನ್ನಿಸಿಕೊಳ್ಳಲು ವಿದ್ಯುತ್ ಬಳಸುವಲ್ಲಿ ಹತ್ತು ಜನ ಸಾಕಾಗಿತ್ತು. 2020ರಲ್ಲಿ ಸಂಸತ್ತು ಒಪ್ಪಿದ ಔದ್ಯೋಗಿಕ ಸುರಕ್ಷತೆಯ ಸಂಹಿತೆ ಅದನ್ನು ಇಪ್ಪತ್ತಕ್ಕೆ ಏರಿಸಿತು. ಯಂತ್ರ ದೊಡ್ಡದಾದಷ್ಟೂ ಆಳು ಕಡಿಮೆ, ಧೂಳು ಹೆಚ್ಚು. ಹದಿನೈದು ಜನರ ಕ್ರಷರು ಐವತ್ತು ಜನರ ಧೂಳು ಎಬ್ಬಿಸಬಲ್ಲದು. ಹಾಗಾಗಿ ತಲೆ ಎಣಿಸಿ ಕಾನೂನು ಅನ್ವಯಿಸುವ ಬದಲು ಧೂಳು ಅಳೆದು ಅನ್ವಯಿಸುವುದು ಈ ಕೆಲಸದ ಮಟ್ಟಿಗೆ ಹೆಚ್ಚು ಸರಿ.

ಕೊನೆಯದಾಗಿ ಅನ್ನದ ಆಕ್ಷೇಪ, ಎಲ್ಲಕ್ಕಿಂತ ಭಾರವಾದದ್ದು. ಹೀಗೆಲ್ಲ ಬಿಗಿ ಮಾಡಿದರೆ ಕ್ರಷರು ಮುಚ್ಚುತ್ತದೆ, ಮಳೆಯಿಲ್ಲದ ತಾಲ್ಲೂಕುಗಳಲ್ಲಿ ಕೂಲಿಯೂ ಹೋದರೆ ಜನ ಏನು ಮಾಡಬೇಕು? ಮುಚ್ಚುವುದು ಪರಿಹಾರವಲ್ಲ ಎಂದು ನಾನೂ ಒಪ್ಪುತ್ತೇನೆ. 1992ರಲ್ಲಿ ಸುಪ್ರೀಂ ಕೋರ್ಟು ದೆಹಲಿಯ ಲಾಲ್ ಕುವಾಂ ಮುಂತಾದ ಕಡೆಯ ಕ್ರಷರುಗಳನ್ನು ಮುಚ್ಚಿಸಿತು. ಅವು ಹರಿಯಾಣದ ಪಾಲಿ ಕಡೆಗೆ ಎದ್ದು ಹೋದವು. ರಾಜಧಾನಿಯ ಗಾಳಿ ಹಗುರಾಯಿತು, ಹಳೆಯ ಕೆಲಸಗಾರರ ಎದೆಯೊಳಗಿನ ಧೂಳು ಅಲ್ಲಿಯೇ ಉಳಿಯಿತು. ಧೂಳನ್ನು ಜಾಗ ಬದಲಿಸಿದರೆ ಅದು ಇನ್ನೊಬ್ಬರ ಪಾಲಾಗುತ್ತದೆ ಅಷ್ಟೆ. ಹಾಗೆ ನೋಡಿದರೆ ತಡೆಯದಿದ್ದರೆ ತೆರುವ ಬೆಲೆಯೂ ಕಡಿಮೆಯಲ್ಲ. ಗುಜರಾತಿನ ಬೆಣಚುಪುಡಿ ಕಾರ್ಖಾನೆಗಳಿಗೆ ಕೂಲಿಗೆ ಹೋಗಿ ಸತ್ತ ಮಧ್ಯಪ್ರದೇಶದ 238 ಆದಿವಾಸಿಗಳ ಕುಟುಂಬಗಳಿಗೆ ತಲಾ ಮೂರು ಲಕ್ಷ ಕೊಡುವಂತೆ ಸುಪ್ರೀಂ ಕೋರ್ಟು 2016ರಲ್ಲಿ ಗುಜರಾತ್ ಸರ್ಕಾರಕ್ಕೆ ಹೇಳಿತು. ಹಣ ಕೊಟ್ಟದ್ದು ಪುಡಿ ಮಾರಿದವರಲ್ಲ, ತೆರಿಗೆ ಕಟ್ಟಿದವರು. ನಮ್ಮಲ್ಲಿ ಹಣದ ಕೊರತೆ ಎಂಬ ಮಾತಿಗೂ ಬಲವಿಲ್ಲ. ಗಣಿ ಕಂಪನಿಗಳು ರಾಜಧನದ ಜೊತೆಗೆ ಕಟ್ಟುವ ಹಣದಿಂದ 2015ರ ತಿದ್ದುಪಡಿಯ ನಂತರ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಬಂದಿವೆ. ಆರೋಗ್ಯ ಅದರ ಮೊದಲ ಸಾಲಿನ ಖರ್ಚುಗಳಲ್ಲಿ ಒಂದು. ಅಕ್ರಮ ಗಣಿಗಾರಿಕೆಯ ಪ್ರಕರಣದಲ್ಲಿ ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಾಯ ಮಾಗಿಸಲೆಂದು ಸಂಗ್ರಹವಾದ ಸಾವಿರಾರು ಕೋಟಿ ಬೇರೆಯೇ ಇದೆ. ಅದೇ ಪ್ರಕರಣದಲ್ಲಿ ಚಿತ್ರದುರ್ಗ, ತುಮಕೂರು ಸೇರಿ ವರ್ಷಕ್ಕೆ ಎಪ್ಪತ್ತು ಲಕ್ಷ ಟನ್ ಇದ್ದ ಅದಿರಿನ ಮಿತಿ 2022ರಲ್ಲಿ ಒಂದೂವರೆ ಕೋಟಿ ಟನ್ನಿಗೆ ಏರಿತು. ಅದಿರಿನ ಮಿತಿ ಎರಡು ಪಟ್ಟಾದಾಗ ಧೂಳು ಅಳೆಯುವ ಪಂಪುಗಳು, ಎದೆಯ ಎಕ್ಸ್‌ರೇಯನ್ನು ಸಿಲಿಕೋಸಿಸ್ ದೃಷ್ಟಿಯಿಂದ ಓದಬಲ್ಲ ವೈದ್ಯರು ಎಷ್ಟು ಪಟ್ಟಾದರು ಎಂದು ಜಿಲ್ಲೆಯ ಜನ ಕೇಳುವುದರಲ್ಲಿ ತಪ್ಪೇನಿದೆ?

ಇಷ್ಟು ಹೊತ್ತು ಕ್ವಾರಿ, ಕ್ರಷರು, ಗಣಿ ಎಂದೆ. ಇವುಗಳಲ್ಲಿ ಯಾವುದಕ್ಕೂ ಸೇರದ, ನಮ್ಮ ಆರೂ ತಾಲ್ಲೂಕಿನ ಹೊಲತೋಟಗಳಲ್ಲೇ ನಡೆಯುವ ಒಂದು ಕೆಲಸವಿದೆ: ಬೋರ್‌ವೆಲ್ ಕೊರೆಯುವುದು. ತಮಿಳುನಾಡಿನ ತಿರುಚೆಂಗೋಡಿನ ಕಡೆಯ ಲಾರಿ, ದೂರದ ರಾಜ್ಯದ ಹುಡುಗರು, ಒಂದು ರಾತ್ರಿಯ ಕೆಲಸ. ಕಂಪ್ರೆಸರ್ ಗಾಳಿ ಬಂಡೆಯ ಪುಡಿಯನ್ನು ನೂರಾರು ಅಡಿ ಕೆಳಗಿನಿಂದ ಮೇಲಕ್ಕೆ ಊದುತ್ತದೆ. ನೀರು ಬಿದ್ದ ಕ್ಷಣದಿಂದ ಅದು ಕೆಸರು, ಅಲ್ಲಿಯವರೆಗೆ ಬಿಳಿಯ ಹೊಗೆ. ನೀರು ಬೀಳದ ಬೋರಿನಲ್ಲಿ ಸಾವಿರ ಅಡಿಯೂ ಹೊಗೆಯೇ. ರೈತನಿಗೆ ದುಡ್ಡು ಹೋಯಿತು, ರಾಡು ಜೋಡಿಸುವ ಹುಡುಗನಿಗೆ ಏನು ಹೋಯಿತೆಂದು ಯಾರೂ ಬರೆದಿಡುವುದಿಲ್ಲ. ಕೊರೆಯುವಾಗಲೇ ಗಾಳಿಯ ಜೊತೆ ಸ್ವಲ್ಪ ನೀರು ಸೇರಿಸಿ ಪುಡಿಯನ್ನು ತೇವ ಮಾಡುವ ಪಂಪು ಅನೇಕ ಲಾರಿಗಳಲ್ಲಿ ಇರುತ್ತದೆ. ಓಡಿಸಿದರೆ ಡೀಸೆಲ್ ಖರ್ಚು, ನೀರು ತುಂಬಿಸಿಕೊಳ್ಳುವ ತಾಪತ್ರಯ. ಇಲ್ಲಿ ಇನ್‌ಸ್ಪೆಕ್ಟರ್ ಬರುವುದಿಲ್ಲ. ಕೆಲಸ ಕೊಟ್ಟವನು ತೋಟದ ಒಡೆಯ, ಅಂದರೆ ಈಗ ರೇಡಿಯೋ ಕೇಳುತ್ತಿರುವ ನಿಮ್ಮಲ್ಲಿ ಅನೇಕರು. ಅಡಿಗೆ ಎಷ್ಟು, ಕೇಸಿಂಗಿಗೆ ಎಷ್ಟು ಎಂದು ಚೌಕಾಸಿ ಮಾಡುವ ಹೊತ್ತಿಗೇ ನೀರಿನ ಪಂಪು ಇದೆಯೇ, ಮೊದಲ ಅಡಿಯಿಂದಲೇ ಹಾಕುತ್ತೀರಾ ಎಂದೂ ಕೇಳಿ, ಪಂಪಿಗೆ ಬೇಕಾದ ನೀರಿನ ಡ್ರಮ್ಮನ್ನು ಲಾರಿ ಬರುವ ಮುಂಚೆ ತುಂಬಿಸಿಡಿ.